ಆರು ಮೈಲಿ ಸರಿದ ಗುರುತು

ಮಾರ್ಚ್ 28, ಶುಕ್ರವಾರ

ಕರಾವಳಿ ರಕ್ಷಣಾ ತಂಡದ ರೇಡಿಯೋ ರೂಮಿನಲ್ಲಿ ಬೆಳಗಿನ ಪಾಳಿ. ಹದಿನಾಲ್ಕು ದೋಣಿ ಹೊರಟವು, ಹದಿನಾಲ್ಕೂ ರೇಡಿಯೋದಲ್ಲಿ ಹೆಸರು ಹೇಳಿದವು. ಚಹಾ ಎರಡು ಸಲ ತಣ್ಣಗಾಯಿತು.

ಶಾಲೆಯವರು ದಾನ ಕೊಟ್ಟ ಲ್ಯಾಪ್‌ಟಾಪಿನದು ಇವತ್ತೂ ಅದೇ ಕಾಟ. ಟೈಪ್ ಮಾಡುವಾಗ ಅಂಗೈ ಟಚ್‌ಪ್ಯಾಡಿಗೆ ಸೋಕಿದರೆ ಸಾಕು, ಕರ್ಸರ್ ಎಲ್ಲಿಗೋ ಹಾರುತ್ತದೆ. ದೋಣಿಯ ಹೆಸರು ಅರ್ಧ ಹವಾಮಾನದ ಕಾಲಮ್ಮಿನಲ್ಲಿ! ಮೌಸ್ ಇದೆಯಲ್ಲ, ಈ ಪ್ಯಾಡ್ ಯಾರಿಗೆ ಬೇಕು? ಸೆಟ್ಟಿಂಗ್ಸ್‌ನಲ್ಲಿ ಹುಡುಕಿದೆ. ಹಳೆಯ ಯಂತ್ರ, ಆಫ್ ಮಾಡುವ ಸ್ವಿಚ್ಚೇ ಇಲ್ಲ. ಡಿವೈಸ್ ಮ್ಯಾನೇಜರ್‌ಗೆ ಹೋಗಿ 'ಡಿಸೇಬಲ್' ಒತ್ತಬೇಕು. ಒತ್ತಿದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಅದು ನಮ್ಮ ರಕ್ಷಣಾ ತಂಡದ ಮುಖ್ಯಸ್ಥ ಮರ್ವ್ ಪೆಂಗಿಲಿಗೆ ಮಾತ್ರ ಗೊತ್ತು.

"ಮುಂದಿನ ವಾರ ಮಾಡಿಕೊಡ್ತೀನಿ ಕಣೆ," ಅಂದ. ಇದು ಅವನ ಐದನೆಯ ಮುಂದಿನ ವಾರ.

ಬಿಸ್ಕತ್ತಿನ ಡಬ್ಬಿಯ ರಟ್ಟು ಕತ್ತರಿಸಿ ಪ್ಯಾಡಿನ ಮೇಲೆ ಅಂಟಿಸಿದೆ. ನೆಮ್ಮದಿ.

ಏಪ್ರಿಲ್ 10, ಗುರುವಾರ

ರಟ್ಟು ಮಾಯ. ನಿನ್ನೆ ಅಡಿಲೇಡಿನಿಂದ ತಪಾಸಣೆಯವರು ಬಂದಿದ್ದರಂತೆ. ಮರ್ವ್ ಕಿತ್ತೆಸೆದಿದ್ದಾನೆ.

"ನೋಡಿದವರು ಇದೇನು ರೇಡಿಯೋ ರೂಮೋ ಗುಜರಿ ಅಂಗಡಿಯೋ ಅಂತಾರೆ, ಗ್ಲೆನಿಸ್."

"ನೀನು ಪ್ಯಾಡ್ ಆಫ್ ಮಾಡಿಕೊಟ್ಟಿದ್ರೆ ನಾನ್ಯಾಕೆ ರಟ್ಟು ಅಂಟಿಸ್ತಿದ್ದೆ?"

"ಮಾಡೋಣ ಮಾರಾಯ್ತಿ. ಅಲ್ಲೀವರೆಗೆ ಕೈ ಸ್ವಲ್ಪ ಮೇಲೆತ್ತಿ ಟೈಪ್ ಮಾಡು. ಪಿಯಾನೋ ನುಡಿಸೋರ ಥರ."

ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ಟೈಪ್ ಮಾಡಿದವಳಿಗೆ ಪಾಠ! ಮತ್ತೆ ಅಂಟಿಸಬೇಕು. ಟೇಪ್ ಮುಗಿದಿದೆ.

ಏಪ್ರಿಲ್ 12, ಶನಿವಾರ, ಬೆಳಿಗ್ಗೆ 7.30

ಗಾಳಿ ಏಳುತ್ತಿದೆ. ಸಣ್ಣ ದೋಣಿಗಳು ಹೆಚ್ಚಿನವು ಹೊರಡಲಿಲ್ಲ. ಲ್ಯಾನ್ಸ್ ಶಿರ್ಮರ್ ಹೊರಟಿದ್ದಾನೆ, ಮಗಳು ಟೀಗನ್ ಜೊತೆ. ನರ್ಸಿಂಗ್ ಓದುವ ಹುಡುಗಿ, ರಜೆಗೆ ಬಂದವಳು. 7.10ಕ್ಕೆ ರೇಡಿಯೋದಲ್ಲಿ ಸಿಕ್ಕ. ಎಲ್ಲಿದ್ದೇನೆಂದು ಅಕ್ಷಾಂಶ ರೇಖಾಂಶದ ಅಂಕಿ ಓದಿದ, ಲ್ಯಾಪ್‌ಟಾಪಿನ ನಕ್ಷೆಯಲ್ಲಿ ಗುರುತು ಹಾಕಿಕೊಂಡೆ.

"ಇಲ್ಲಿಂದ ನಮ್ಮೂರ ಗೋಧಿ ಕಣಜದ ಸೈಲೋಗಳು ಮುದುಕನ ಹಲ್ಲಿನ ಥರ ಕಾಣ್ತಿವೆ, ಗ್ಲೆನಿಸ್. ನಿನ್ನ ರೂಮೂ ಕಾಣುತ್ತೇನೋ, ಕೈ ಬೀಸು."

"ಬೀಸಿದೆ. ಒಂಬತ್ತಕ್ಕೆ ಕರೆ ಮಾಡು, ಮರೀಬೇಡ."

ಹಿಂದೆ ಟೀಗನ್ ನಗು ಕೇಳಿಸಿತು. ಉಳಿದ ವಿವರ ಟೈಪ್ ಮಾಡಿ ಮುಗಿಸಿದೆ.

9.25

ಕರೆ ಬರಲಿಲ್ಲ. ಏಳು ಸಲ ಕೂಗಿದೆ. ಬರೀ ಗರಗರ. ಮೊಬೈಲೂ ಇಲ್ಲ. ದೋಣಿಯಲ್ಲಿರುವ, ಅಪಾಯದ ಸಂಕೇತ ಕಳಿಸುವ ಬೀಕನ್ನಿನಿಂದಲೂ ಸದ್ದಿಲ್ಲ. ದೋಣಿ ಮಗುಚಿದ್ದರೆ ಅದು ಅಡಿಯಲ್ಲೇ ಸಿಕ್ಕಿಕೊಂಡಿರುತ್ತದೆ... ಯೋಚಿಸಬಾರದು. ಪೊಲೀಸರಿಗೆ ಹೇಳಿದೆ.

10.50

ಮರ್ವ್ ನಮ್ಮ ರಕ್ಷಣಾ ದೋಣಿಯಲ್ಲಿ, ಜೊತೆಗೆ ಮೀನಿನವರ ದೋಣಿಗಳು ಮೂರು. ಎಲ್ಲರೂ ಲ್ಯಾಪ್‌ಟಾಪಿನ ನಕ್ಷೆಯಲ್ಲಿರುವ ಗುರುತಿಗೆ ಹೋದರು — ಟೋಲೋ ದ್ವೀಪದ ದಕ್ಷಿಣಕ್ಕೆ. ಅಲ್ಲಿಂದ ಗಾಳಿ ಬೀಸುವ ಕಡೆಗೆ ಸಾಲುಸಾಲಾಗಿ ಹುಡುಕುತ್ತಿದ್ದಾರೆ. ಏನೂ ಇಲ್ಲ. ಲ್ಯಾನ್ಸ್‌ನ ಹೆಂಡತಿ ಶ್ಯಾರನ್ ಕೆಳಗೆ ಕಾರಿನಲ್ಲಿ ಕೂತಿದ್ದಾಳೆ. ಒಳಗೆ ಬಾ ಎಂದರೆ ಬರಲೊಲ್ಲಳು.

ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ, ಅಷ್ಟೇ.

12.20

ಈಗ ಕಣ್ಣೆದುರಿಗೇ ನಡೆಯಿತು. ಮರ್ವ್ ಹೇಳಿದ್ದನ್ನು ಟೈಪ್ ಮಾಡುತ್ತಿದ್ದೆ. ಅವನ ದೋಣಿಯ ಗುರುತು ನಕ್ಷೆಯ ಮೇಲೆ ತಾನೇ ಜಾರಿತು. ದ್ವೀಪ ದಾಟಿ ಹೋಗಿ ನಿಂತಿತು. ನನ್ನ ಅಂಗೈ ಪ್ಯಾಡಿನ ಮೇಲಿತ್ತು.

ಈ ದಿನಚರಿಯ ಬೆಳಗಿನ ಪುಟ ತಿರುಗಿಸಿ ಓದಿದೆ. *ಸೈಲೋಗಳು ಕಾಣ್ತಿವೆ.* ದ್ವೀಪದ ದಕ್ಷಿಣದಲ್ಲಿ ನಿಂತರೆ ಸೈಲೋ ಹೇಗೆ ಕಾಣುತ್ತದೆ? ಊರಿರುವುದು ಉತ್ತರಕ್ಕೆ, ನಡುವೆ ದ್ವೀಪದ ಗುಡ್ಡ ಅಡ್ಡ. ಉತ್ತರದಲ್ಲಿದ್ದರೆ ಮಾತ್ರ...

ದೇವರೇ. ಆಚೆಗೂ ಈಚೆಗೂ ಆರು ಮೈಲಿ.

2.05

ಕಾಯುತ್ತಿದ್ದೇನೆ. ಆದದ್ದು ಆದ ಹಾಗೇ ಬರೆದಿಡುತ್ತೇನೆ.

ಪೊಲೀಸರಿಗೆ ಫೋನ್ ಮಾಡಿ ಜಾಗ ತಪ್ಪು, ದ್ವೀಪದ ಉತ್ತರಕ್ಕೆ ಹೋಗಬೇಕು ಎಂದೆ. "ಖಾತ್ರಿನಾ?" ಅಂದರು. "ಖಾತ್ರಿ." ಕಾರಣ ಕೇಳುವಷ್ಟು ಪುರುಸೊತ್ತು ಅವರಿಗೂ ಇರಲಿಲ್ಲ. ಹುಡುಕುವ ಹೊಸ ಸಾಲುಗಳನ್ನು ನಕ್ಷೆಯ ಮೇಲೆ ನಾನೇ ಹಾಕಬೇಕಿತ್ತು. ಎರಡು ಸಲ ಹಾಕಿದೆ, ಎರಡು ಸಲವೂ ಗುರುತು ಅಲುಗಿತು. ನನ್ನ ಕೈಯನ್ನೇ ನಂಬುವ ಹಾಗಿಲ್ಲ. ರೇಡಿಯೋ ಎತ್ತಿದೆ.

"ಮರ್ವ್, ಅಡ್ಮಿನ್ ಪಾಸ್‌ವರ್ಡ್ ಹೇಳು."

"ತಲೆ ಕೆಟ್ಟಿದೆಯೇನೇ? ಚಾನೆಲ್ ಮೇಲೆ ಎಲ್ರೂ ಕೇಳಿಸ್ಕೋತಿದ್ದಾರೆ."

"ಕೇಳಿಸ್ಕೊಳ್ಳಲಿ. ಟಚ್‌ಪ್ಯಾಡ್ ಗುರುತು ಸರಿಸ್ತಿದೆ. ಬೆಳಿಗ್ಗೆನೂ ಸರಿಸಿದೆ. ನೀವೆಲ್ಲ ತಪ್ಪು ಜಾಗದಲ್ಲಿದ್ದೀರಿ, ಮರ್ವ್."

ಆಮೇಲೆ ಒಂದೊಂದೇ ಅಕ್ಷರ ಹೇಳಿದ. ಡೋರೀನ್. ಮುಂದೆ 1974. ಅವನ ಹೆಂಡತಿ, ಅವರ ಮದುವೆಯ ವರ್ಷ. ಡೋರೀನ್ ತೀರಿಕೊಂಡು ಮೂರು ವರ್ಷ.

ಡಿವೈಸ್ ಮ್ಯಾನೇಜರ್. ಪಟ್ಟಿಯಲ್ಲಿ ಎರಡು ಹೆಸರು, ಒಂದು ಮೌಸಿನದು, ಒಂದು ಪ್ಯಾಡಿನದು. ತಪ್ಪಿ ಮೌಸನ್ನೇ ಆಫ್ ಮಾಡಿಬಿಟ್ಟರೆ? ಮೌಸ್ ಕಿತ್ತೆ, ಒಂದು ಹೆಸರು ಪಟ್ಟಿಯಿಂದ ಹೋಯಿತು. ಉಳಿದದ್ದೇ ಪ್ಯಾಡ್. ಮೌಸ್ ಮತ್ತೆ ಚುಚ್ಚಿ, ಪ್ಯಾಡಿನ ಹೆಸರು ಆರಿಸಿ, ಡಿಸೇಬಲ್. ಖಾತ್ರಿನಾ ಎಂದು ಅದೂ ಕೇಳಿತು. ಹೌದು ಒತ್ತಿದೆ. ಅಂಗೈ ಪ್ಯಾಡಿಗೆ ಒತ್ತಿ ಉಜ್ಜಿ ನೋಡಿದೆ. ಕರ್ಸರ್ ಅಲುಗಲಿಲ್ಲ.

ಎರಡು ನಿಮಿಷದ ಕೆಲಸ. ಎರಡೇ ನಿಮಿಷ.

12.41ಕ್ಕೆ ಹೊಸ ಸಾಲು ಕೊಟ್ಟೆ. ದೋಣಿಗಳು ತಿರುಗಿದವು.

ಮರ್ವ್ ಕರೆಯುತ್ತಿದ್ದಾನೆ...

ಏಪ್ರಿಲ್ 20, ಭಾನುವಾರ

ಎಂಟು ದಿನ ಪೆನ್ ಹಿಡಿಯಲಿಲ್ಲ.

ಟೀಗನ್ ಜೀವಂತ ಸಿಕ್ಕಳು, ಮಗುಚಿದ ದೋಣಿಯ ಬೆನ್ನಿನ ಮೇಲೆ. ಲ್ಯಾನ್ಸ್‌ನ ದೇಹ ಮರುದಿನ ಸಿಕ್ಕಿತು. ಮಧ್ಯಾಹ್ನ ಒಂದರ ಸುಮಾರಿಗೆ ದೋಣಿ ಹಿಡಿದಿದ್ದ ಅವನ ಕೈ ಸಡಿಲವಾಯಿತಂತೆ. ದೋಣಿಗಳು ತಲುಪಿದ್ದು 2.10ಕ್ಕೆ.

ಮರ್ವ್ ಇವತ್ತು ಮನೆಗೆ ಬಂದ. ಕೂರಲಿಲ್ಲ.

"ಸಾವಿನ ವಿಚಾರಣೆಯವರು ಹೇಳಿಕೆ ಕೇಳ್ತಾರೆ. ಗಾಳಿ, ನೀರಿನ ಸೆಳೆತದ ಲೆಕ್ಕ ತಪ್ಪಿತು ಅಂದ್ರೆ ಸಾಕು. ಅದೂ ಸುಳ್ಳಲ್ಲ."

"ಚಾನೆಲ್ ಮೇಲೆ ಎಲ್ರೂ ಕೇಳಿಸ್ಕೊಂಡಿದ್ದಾರೆ."

"ಅವರ್ಯಾರೂ ಬಾಯಿ ಬಿಡಲ್ಲ. ನಿನಗೋಸ್ಕರ."

"ನನಗೋಸ್ಕರನಾ, ನಿನಗೋಸ್ಕರನಾ?"

ಅವನು ಬಾಗಿಲ ಕಡೆ ತಿರುಗಿದ. "ರಟ್ಟು ಕಿತ್ತವನು ನಾನು. ಅದನ್ನ ನೆನಪಿಸೋಕೆ ನೀನು ಬೇಡ. ರಾತ್ರಿಯಿಡೀ ಅದೇ," ಎಂದು ಹೊರಟುಹೋದ. ಗೇಟು ಹಾಕಲೂ ಇಲ್ಲ.

ಏಪ್ರಿಲ್ 24, ಗುರುವಾರ

ಹೇಳಿಕೆ ಬರೆದು ಕೊಟ್ಟೆ. ಪ್ಯಾಡ್, ಅಂಗೈ, ಆರು ಮೈಲಿ. ಮರ್ವ್ ತನ್ನದನ್ನು ತಾನೇ ಬರೆದ. ರಟ್ಟಿನ ವಿಷಯ ಮೊದಲ ಸಾಲಿನಲ್ಲೇ ಇದೆ ಎಂದ.

ಆ ಹೇಳಿಕೆ ವಿಚಾರಣೆಯವರಿಂದ ಟೀಗನ್ ಕೈಗೆ ಹೋಗುವ ಮೊದಲು ನಾನೇ ಹೇಳಬೇಕು.

ಏಪ್ರಿಲ್ 26, ಶನಿವಾರ

ಅವಳೇ ರೇಡಿಯೋ ರೂಮಿಗೆ ಬಂದಳು. ಕೈಗೆ ಇನ್ನೂ ಬ್ಯಾಂಡೇಜು. ಎಲ್ಲ ಹೇಳಿದೆ.

"ಅಪ್ಪ ಕೊನೇವರೆಗೂ ಮಾತಾಡ್ತಾನೇ ಇದ್ದ," ಎಂದಳು.

"ಏನಂತಿದ್ದ?"

"ರೇಡಿಯೋದಲ್ಲಿ ಗ್ಲೆನಿಸ್ ಇದ್ದಾಳೆ, ಅವಳು ಅಂಕಿ ತಪ್ಪೋಳಲ್ಲ, ಈಗ ಬರ್ತಾರೆ ನೋಡು, ಅಂತ."

ಕ್ಷಮಿಸು ಎನ್ನುವ ಮಾತು ಬಾಯಿಯವರೆಗೆ ಬಂದು ನಿಂತಿತು.

"ಆ ಪ್ಯಾಡ್ ಈಗ?"

"ಆಫ್."

"ತೋರಿಸಿ."

ಲ್ಯಾಪ್‌ಟಾಪ್ ತಿರುಗಿಸಿದೆ. ಬ್ಯಾಂಡೇಜಿನಿಂದ ಹೊರಗಿದ್ದ ಬೆರಳನ್ನು ಪ್ಯಾಡಿನ ಮೇಲಿಟ್ಟು ಎಳೆದಳು. ಮತ್ತೆ ಎಳೆದಳು. ಕರ್ಸರ್ ಇದ್ದಲ್ಲೇ ಇತ್ತು. ಸುಮಾರು ಹೊತ್ತು ಹಾಗೇ ಎಳೆಯುತ್ತಿದ್ದಳು. ಬೇಡ ಎನ್ನಲು ನನಗೆ ಧೈರ್ಯವಾಗಲಿಲ್ಲ.

ಹೋಗುವಾಗ ಬಾಗಿಲಲ್ಲಿ ನಿಂತು, "ಅಮ್ಮನಿಗೆ ನಾನು ಹೇಳ್ತೀನಿ. ನೀವು ಬರಬೇಡಿ," ಎಂದಳು.

ಮೇ 5, ಸೋಮವಾರ, ಬೆಳಿಗ್ಗೆ 9.40

ಹತ್ತಕ್ಕೆ ವಿಚಾರಣೆಯವರು ಬರುತ್ತಾರೆ. ಲ್ಯಾಪ್‌ಟಾಪ್ ಜೊತೆ ಈ ಪುಸ್ತಕವೂ ಬೇಕಂತೆ. 12ನೇ ತಾರೀಕಿನ ಪುಟ ಸಾಕ್ಷಿ. ಆ ಪುಟ ಮಾತ್ರ ಹರಿದು ಕೊಡಬಹುದೇ ಎಂದು ಕೇಳಿದ್ದೆ. ಆಗಲ್ಲ, ಇಡೀ ಪುಸ್ತಕ ಬೇಕು ಎಂದರು. ಶ್ಯಾರನ್ ಓದಬಹುದು. ಟೀಗನ್ ಖಂಡಿತ ಓದುತ್ತಾಳೆ.

ಒಂದಕ್ಷರವನ್ನೂ ತಿದ್ದಿಲ್ಲ.

ಟೀಗನ್, ಅವತ್ತು ಬಾಯಿಂದ ಹೊರಡದೆ ಹೋದದ್ದನ್ನು ಇಲ್ಲಿ ಬರೆಯುತ್ತೇನೆ. ನಿನ್ನಪ್ಪ ಕೈ ಬೀಸು ಎಂದಾಗ ಬೀಸಿದೆ ಎಂದೆನಲ್ಲ, ನಾನು ಬೀಸಿರಲಿಲ್ಲ. ಟೈಪ್ ಮಾಡುತ್ತಿದ್ದೆ. ತಲೆಯೆತ್ತಿ ಕಿಟಕಿಯ ಆಚೆ ಒಂದು ಸಲ ನೋಡಿದ್ದಿದ್ದರೆ ನಿನ್ನಪ್ಪನ ದೋಣಿ ದ್ವೀಪದ ಈಚೆಗಿರುವುದು ಆಗಲೇ ಕಾಣುತ್ತಿತ್ತೇನೋ, ಆಗ ಆ ಗುರುತು... ಅವರು ಬಾಗಿಲು ತಟ್ಟುತ್ತಿದ್ದಾರೆ.