ಆಮಿನಾಳ ಚಿತ್ರದ ಬೆನ್ನು

ಹುಮನಾಬಾದ್
ಸೋಮವಾರ, ೧೪ ನವೆಂಬರ್ ೧೯೪೯

ಚಿರಂಜೀವಿ ಮಹಾರುದ್ರಪ್ಪನಿಗೆ ನಿನ್ನ ಅವ್ವ ಬರೆಯುವುದು.

ನಿನ್ನ ಕೆಮ್ಮು ಕಡಿಮೆಯಾಯಿತೇ? ಮಲಗುವ ಮುಂಚೆ ಬಿಸಿನೀರು ಕುಡಿ ಎಂದು ಹೇಳಿದ್ದೆ, ನೀನು ಕುಡಿಯುವುದಿಲ್ಲ ಎಂಬುದೂ ನನಗೆ ಗೊತ್ತು. ನೀನು ಕೆಲಸ ಮಾಡುವ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಗಾಳಿಯೇ ಆಡುವುದಿಲ್ಲ ಎಂದು ಹೋದ ಸಲ ಬರೆದಿದ್ದಿ. ಆಗಾಗ ಹೊರಗೆ ಬಂದು ನಾಲ್ಕು ಉಸಿರು ಎಳೆದುಕೊಂಡು ಹೋಗು. ನನ್ನ ಮಂಡಿನೋವು ಇದ್ದ ಹಾಗೇ ಇದೆ. ನಿನಗೆ ಕಳಿಸಲೆಂದು ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿಟ್ಟಿದ್ದೆ. ಗುರುವಾರದಿಂದ ಆ ಡಬ್ಬಿ ಕಡೆ ನೋಡುವ ಮನಸ್ಸೂ ಇಲ್ಲ. ಯಾಕೆ ಎಂದು ಹೇಳುತ್ತೇನೆ. ಪೂರ್ತಿ ಓದು, ನಡುವೆ ಮಡಚಿ ಜೇಬಿಗೆ ಹಾಕಿಕೊಳ್ಳಬೇಡ.

ಗುರುವಾರ ಕಲ್ಯಾಣದಿಂದ ಅಬ್ದುಲ್ ಕರೀಂ ಸಾಹೇಬರು ಬಂದಿದ್ದರು. ನಿಮ್ಮಪ್ಪನ ಜೊತೆಗೆ ಕಸುಬು ಕಲಿತವರು, ಈಗ ಅವರಿಗೆ ದಪ್ಪ ಕನ್ನಡಕ ಬಂದಿದೆ, ಆದರೂ ಅಂಗಡಿ ಬಿಟ್ಟಿಲ್ಲ. ಬಗಲಲ್ಲಿ ನಿಮ್ಮ ಲಕೋಟೆ ಇತ್ತು. ನೀವು ಏಳು ಮಂದಿ ಫೋಟೋಗ್ರಾಫರು ಸೇರಿ ನಡೆಸುವ ಆ ಲಕೋಟೆಯ ಬಗ್ಗೆ ಪಂಚಮಿ ಹಬ್ಬಕ್ಕೆ ಬಂದಾಗ ನೀನು ನನ್ನ ಕಿವಿ ತೂತು ಬೀಳುವಷ್ಟು ಹೇಳಿದ್ದಿ. ಒಬ್ಬೊಬ್ಬರೂ ತಾವು ತೆಗೆದ ಒಂದು ಚಿತ್ರ ಹಾಕಬೇಕು, ಹಿಂದೆ ಯಾವ ಲೆನ್ಸು, ಅದರ ಬಾಯಿ ಎಷ್ಟು ತೆರೆದಿತ್ತು, ಎಷ್ಟು ದೂರದಿಂದ ತೆಗೆದದ್ದು ಎಂದು ಬರೆಯಬೇಕು, ಲಕೋಟೆ ಬಸ್ಸು ಹತ್ತಿ ಊರೂರು ತಿರುಗಬೇಕು, ಉಳಿದವರು ಚಿತ್ರದ ಬೆನ್ನ ಮೇಲೆ ತಮ್ಮ ಸಲಹೆ ಬರೆಯಬೇಕು. ನಿನ್ನಿಂದ ಹೊರಟು ಗುಲ್ಬರ್ಗಾ, ಚಿಟಗುಪ್ಪ ಎಲ್ಲಾ ಸುತ್ತಿ ಕೊನೆಗೆ ಕಲ್ಯಾಣ ಮುಟ್ಟಿತ್ತಂತೆ. ಅದನ್ನು ನಿನಗೆ ವಾಪಸ್ ಕಳಿಸುವ ಮೊದಲು ತಾಯಿಗೆ ಮಗನ ಹೆಸರು ಕೇಳಿಸಬೇಕೆಂದು ಪಾಪ ಅಷ್ಟು ದೂರ ಬಂದಿದ್ದರು. "ವೈನಿ, ನಿಮ್ಮ ಮಗ ಭಾಳ ಮುಂದ ಬರ್ತಾನ ನೋಡ್ರಿ" ಎನ್ನುತ್ತಾ ನಿನ್ನ ಚಿತ್ರವನ್ನು ಬೋರಲಾಗಿ ಮೇಜಿನ ಮೇಲಿಟ್ಟು, ಉರ್ದು ಮರಾಠಿ ಕನ್ನಡ ಎಲ್ಲದರಲ್ಲೂ ಬರೆದಿದ್ದ ಮಾತುಗಳನ್ನು ಬೆರಳಿಟ್ಟು ಓದಿದರು.

ನನಗೆ ಎಷ್ಟು ಖುಷಿಯಾಯಿತೆಂದರೆ ಚಹಾಕ್ಕೆ ಎರಡನೇ ಸಲ ಸಕ್ಕರೆ ಹಾಕಿಬಿಟ್ಟೆ. ಒಬ್ಬರು ರೆಪ್ಪೆಯ ಕೂದಲು ಎಣಿಸಬಹುದು ಎಂದು ಬರೆದಿದ್ದರು. ಫೋಕಸ್ ಮೂಗಿನ ಮೇಲೆ ಬೀಳದೆ ಹತ್ತಿರದ ಕಣ್ಣಿನ ಮೇಲೆ ಬಿದ್ದಿದೆ, ಎಲ್ಲರೂ ಕಲಿಯಬೇಕು ಎಂದು ಚಿಟಗುಪ್ಪದವರು. ಲೆನ್ಸಿನ ಬಾಯಿ ಒಂದಿಷ್ಟು ಕಿರಿದು ಮಾಡಿದ್ದರೆ ಕಿವಿಯ ಝುಮಕಿ ಮಸುಕಾಗುತ್ತಿರಲಿಲ್ಲ ಎಂದು ಗುಲ್ಬರ್ಗಾದವರು. ಇದು ಒಳ್ಳೆಯ ಮಾತು, ಮುಂದಿನ ಸಲ ಚಿತ್ರ ತೆಗೆಯುವಾಗ ನಾನೂ ಹಾಗೇ ಮಾಡಬೇಕು ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ. ಹೌದು, ಹಾಕಿಕೊಂಡೆ. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆ. ಕರೀಂ ಸಾಹೇಬರು ಕೊನೆಗೆ ತಾವು ಬರೆದದ್ದನ್ನೂ ಓದಿ, ನಗುತ್ತಾ ಚಿತ್ರವನ್ನು ತಿರುಗಿಸಿ ನನ್ನ ಮುಂದೆ ಇಟ್ಟರು.

ಆಮಿನಾ, ಮಹಾರುದ್ರಾ. ನಮ್ಮ ಹಿತ್ತಲ ಗೋಡೆಯ ಮುಂದೆ ನಗುತ್ತಾ ಕೂತ ಆಮಿನಾ.

ಪಂಚಮಿಯ ಮರುದಿನ ಅವಳು ಅತ್ತೆಯ ಜೊತೆ ಕಲ್ಯಾಣದಿಂದ ಬಸ್ಸಿನಲ್ಲಿ ಬಂದದ್ದು ನಿನಗೆ ನೆನಪಿರಬೇಕು, ಬುರ್ಖಾ ನೋಡಿ ನೀನೇ ಹೊರಗೆ ಹೋಗಿದ್ದಿ. ಹೋದ ವರ್ಷ ಪೊಲೀಸ್ ಕಾರ್ಯಾಚರಣೆಯ ಗಲಾಟೆ ಆದಮೇಲೆ ಅವಳ ಗಂಡ ಹಬೀಬ್ ಮುಂಬಯಿಯ ಮಿಲ್ಲಿಗೆ ಹೋದವನು ತಿರುಗಿ ಬಂದಿಲ್ಲ. ಅವನಿಗೆ ತನ್ನ ಚಿತ್ರ ಕಳಿಸಬೇಕೆಂದು ಬಂದಿದ್ದಳು. "ಅವ್ವಾರ, ಇದು ಅವ್ರೊಬ್ರ ಸಲುವಾಗಿ ಅದರಿ. ಮತ್ತ ಯಾ ಗಂಡಸಿನ ಕಣ್ಣಿಗೂ ಬೀಳಬಾರದು" ಎಂದಳು. ಅದಕ್ಕೇ ಅಲ್ಲವೇ ಈ ಸೀಮೆಯ ಪರದೆಯೊಳಗಿನ ಗೋಷಾ ಹೆಣ್ಣುಮಕ್ಕಳು ನನ್ನ ಹತ್ತಿರ ಬರುವುದು, ಅದಕ್ಕೇ ಅಲ್ಲವೇ ನಿಮ್ಮಪ್ಪ ನನಗೆ ಈ ಕೆಲಸ ಕಲಿಸಿದ್ದು. ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿ ಬಹಳ ಹೊತ್ತು ದಿಟ್ಟಿಸಿದರೆ ಹೆಂಗಸರ ಮುಖ ಬಿಗಿಯುತ್ತದೆ ಎಂದು ನಿಮ್ಮಪ್ಪ ದಾರದ ಉಪಾಯ ಮಾಡಿದ್ದರು. ಅಳತೆಗೆ ಗಂಟು ಹಾಕಿ ಲೆನ್ಸಿನ ಕೆಳಗೆ ಕಟ್ಟಿದ ಆ ದಾರವನ್ನು ಕೂತವರೇ ಕಣ್ಣಿನ ಕೆಳಗೆ ಬಿಗಿಯಾಗಿ ಹಿಡಿಯಬೇಕು, ನಾನು ಯಾವ ಗಂಟಿಗೆ ಬಂತು ನೋಡಿ ಅಷ್ಟಕ್ಕೆ ಲೆನ್ಸು ಸರಿಸಬೇಕು. ಈ ಲೆನ್ಸು ದೂರದ್ದನ್ನು ಹತ್ತಿರ ಎಳೆಯುವುದಿಲ್ಲ, ಮುಖ ಬೇಕಾದರೆ ಮುಖದ ಹತ್ತಿರವೇ ಹೋಗಬೇಕು, ಅವರು ಬಿಟ್ಟುಕೊಂಡಷ್ಟೇ ಹೋಗಬೇಕು ಎನ್ನುತ್ತಿದ್ದರು. ಆಮಿನಾ ಮೊದಲು ಐದನೇ ಗಂಟಿಗೆ ಕೂತಳು. ಆಮೇಲೆ ತಾನೇ ಮುಂದೆ ಮುಂದೆ ಸರಿದು ಮೂರನೇ ಗಂಟಿಗೆ ಬಂದಳು, ಮಂಡಿ ಸ್ಟ್ಯಾಂಡಿಗೆ ತಾಗಿ ನಕ್ಕಳು, ಆ ನಗುವನ್ನೇ ನಾನು ತೆಗೆದೆ. ನೀನು ಹಿಂದೆ ಏನು ಬರೆದಿದ್ದಿ? "ದೂರ ಆರು ಅಡಿ. ದಾರದಿಂದ ಅಳೆಯುವುದು ನನ್ನ ಸ್ವಂತ ವಿಧಾನ. ತೆಗೆದವರು ಮಹಾರುದ್ರಪ್ಪ." ಮೂರನೇ ಗಂಟು ಎಂದರೆ ಮೂರೂವರೆ ಅಡಿ. ಅಲ್ಲಿರದವನಿಗೆ ಹೇಗೆ ತಿಳಿಯಬೇಕು! ಸುಳ್ಳು ಹೇಳುವಾಗಲೂ ಅಳತೆ ತಪ್ಪಿದ್ದಿ.

ಹೆಂಗಸರ ಚಿತ್ರಕ್ಕೆ ನಾನು ಎರಡು ಗಾಜಿನ ಪ್ಲೇಟು ತೆಗೆಯುತ್ತೇನೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಒಳ್ಳೆಯದನ್ನು ಚಿತ್ರದ ಜೊತೆಗೆ ಅವರ ಕೈಗೇ ಕೊಡುವುದು, ಉಳಿದದ್ದನ್ನು ಬಿಸಿನೀರಲ್ಲಿ ತೊಳೆದು ಬರೀ ಗಾಜು ಮಾಡುವುದು. ಈ ಮನೆಯಲ್ಲಿ ಹುಟ್ಟಿದ ನಿನಗೆ ಇದನ್ನು ಹೇಳಿಕೊಡಬೇಕೇ? ಅವತ್ತು ಸಂಜೆ ನನಗೆ ಚಳಿಜ್ವರ ಬಂತು, ಪ್ಲೇಟು ತೊಳೆಯುವುದನ್ನು ನಿನಗೆ ಹೇಳಿ ಹೊದ್ದು ಮಲಗಿದೆ. "ಎರಡನೇದು ತೊಳದೀನಿ ಬಿಡವ್ವಾ" ಎಂದು ನೀನು ನನ್ನ ಹಣೆ ಮುಟ್ಟಿ ನೋಡಿದ್ದಿ. ಯಾವ ಗಂಡಸಿನ ಕಣ್ಣಿಗೂ ಬೀಳಬಾರದು ಎಂದು ಆ ಹುಡುಗಿ ಹೇಳಿದ್ದಳಲ್ಲ, ಆ ಮಾತಿಗೆ ನೀನೂ ಸೇರುತ್ತಿ ಎಂಬುದು ನನ್ನ ತಲೆಗೇ ಹೊಳೆಯಲಿಲ್ಲ. ಮಗ ಎಂದುಕೊಂಡೆ. ತಪ್ಪು ಅಲ್ಲಿಂದ ಶುರುವಾಯಿತು, ಅದು ನನ್ನದು. ಅಲ್ಲಿಂದ ಮುಂದಿನದು, ಪ್ಲೇಟನ್ನು ತೊಳೆಯದೆ ಬಚ್ಚಿಟ್ಟು ಒಯ್ದದ್ದು, ನಿನ್ನದು.

ನನಗೆ ಯಾವುದು ಹೆಚ್ಚು ಅಸಹ್ಯ ಎಂದು ಈ ನಾಲ್ಕು ದಿನ ಯೋಚಿಸಿದ್ದೇನೆ. ಆ ಬೆನ್ನ ಮೇಲೆ ಒಂದಾದರೂ ಪೋಲಿ ಮಾತಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಒಂದೂ ಇಲ್ಲ. ಎಲ್ಲರೂ ಮರ್ಯಾದಸ್ಥರು. ಕಣ್ಣು, ಕಿವಿ, ತುಟಿಯ ಅಂಚು ಎಲ್ಲವನ್ನೂ ಬೇರೆ ಬೇರೆ ಮಾಡಿ ಲೆನ್ಸಿನ ಗುಣ ಹೊಗಳಿದ್ದಾರೆ. ಈಕೆ ಯಾರು, ಯಾರಿಗಾಗಿ ಹೀಗೆ ನಕ್ಕಳು, ತೋರಿಸಲು ಒಪ್ಪಿದ್ದಾಳೋ ಎಂದು ಒಬ್ಬರೂ ಕೇಳಿಲ್ಲ. ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವರೂ ಯಾರ ಎಮ್ಮೆ ಎಂದು ಕೇಳುತ್ತಾರೆ. ಥೂ! ಕರೀಂ ಸಾಹೇಬರ ಮನೆ ಆಮಿನಾಳ ಓಣಿಯ ಹಿಂದೆಯೇ ಇದೆ, ದಿನಾ ಅವಳ ಬುರ್ಖಾ ನೋಡುತ್ತಾರೆ, ಮುಖ ಗುರುತಿಲ್ಲ. ಹೆಸರು ಹೇಳದೆ, ಇದು ನಾನು ತೆಗೆದ ಗೋಷಾ ಚಿತ್ರ ಎಂದಷ್ಟೇ ಹೇಳಿದೆ. ಅವರು "ತೌಬಾ, ತೌಬಾ" ಎಂದು ಎರಡೂ ಕಿವಿ ಹಿಡಿದುಕೊಂಡರು. "ಚಂದ ಅದ ಅಂತ ಬರದೆ ವೈನಿ, ಯಾರದು ಅಂತ ಕೇಳ್ಲಿಲ್ಲ" ಎಂದು ಲಕೋಟೆಯನ್ನು ನನ್ನ ಹತ್ತಿರವೇ ಬಿಟ್ಟು ಎದ್ದರು. ಚಹಾ ಹಾಗೇ ಉಳಿಯಿತು.

ಶನಿವಾರ ನಾನು ಕಲ್ಯಾಣಕ್ಕೆ ಹೋದೆ. ಚಿತ್ರವನ್ನು ಸುಟ್ಟು ಸುಮ್ಮನಿರಬಹುದಿತ್ತು, ಬಸ್ಸಿನಲ್ಲಿ ಕೂತಾಗ ಅದೇ ಆಸೆ ಬಂತು. ಆದರೆ ಏಳು ಮಂದಿಗೆ ಗೊತ್ತಿರುವುದು ಅವಳೊಬ್ಬಳಿಗೆ ಗೊತ್ತಿರಬಾರದು ಎಂದರೆ ಯಾವ ನ್ಯಾಯ? ಎಲ್ಲಾ ಹೇಳಿದೆ, ನನ್ನ ಜ್ವರದ ನೆಪ ಹೇಳಲಿಲ್ಲ. ಆಮಿನಾ ಚಿತ್ರವನ್ನು ಬೋರಲು ಮಾಡಿ ಉರ್ದುವಿನದನ್ನು ತಾನೇ ಓದಿದಳು, ಉಳಿದದ್ದನ್ನು ನನ್ನಿಂದ ಓದಿಸಿದಳು. ಹೆಸರುಗಳನ್ನು ಬೆರಳಿನಿಂದ ಎಣಿಸಿದಳು. ಆಮೇಲೆ ಹೇಳಿದಳು: "ಏಳು ಮಂದಿ ನೋಡ್ಯಾರ ಅವ್ವಾರ. ಅವ್ರು ಇನ್ನಾ ನೋಡಿಲ್ಲರಿ." ಮುಂಬಯಿಗೆ ಕಳಿಸಿದ ಚಿತ್ರಕ್ಕೆ ಮೂರು ತಿಂಗಳಾದರೂ ಉತ್ತರವಿಲ್ಲವಂತೆ. ಮುಟ್ಟಿತೋ ಇಲ್ಲವೋ, ಹಬೀಬ್ ಅಲ್ಲಿ ಇದ್ದಾನೋ ಇಲ್ಲವೋ ಗೊತ್ತಿಲ್ಲವಂತೆ. ಅವಳ ಎದುರಿಗೆ ಕೂರಲು ನನಗೆ ಆಗಲಿಲ್ಲ. ಆ ಚಿತ್ರವನ್ನು ಅವಳು ಪೆಟ್ಟಿಗೆಯಲ್ಲಿಟ್ಟಳು, ಅವನು ಬಂದರೆ ಬೆನ್ನ ಸಮೇತ ತಾನೇ ತೋರಿಸುತ್ತಾಳಂತೆ, ಇನ್ನೊಬ್ಬರ ಬಾಯಿಂದ ಅವನು ಕೇಳಬಾರದಂತೆ.

ನೀನು ಈಗ ಮಾಡಬೇಕಾದದ್ದು ಇಷ್ಟು. ಆ ಪ್ಲೇಟನ್ನು ಟಪಾಲಿಗೆ ಹಾಕಬೇಡ, ಯಾರ ಕೈಗೂ ಕೊಡಬೇಡ. ನೀನೇ ತೆಗೆದುಕೊಂಡು ಬಾ. ಅದರಿಂದ ಎಷ್ಟು ಚಿತ್ರ ಮಾಡಿದ್ದಿ, ಯಾರಿಗೆ ಕೊಟ್ಟಿದ್ದಿ, ಎಲ್ಲವನ್ನೂ ವಾಪಸ್ ತೆಗೆದುಕೊಂಡು ಬಾ. ನಾವಿಬ್ಬರೂ ಕಲ್ಯಾಣಕ್ಕೆ ಹೋಗಿ ಅವಳ ಅಂಗಳದಲ್ಲಿ ಅವಳ ಕೈಯಿಂದಲೇ ಒಡೆಸೋಣ. ನೀನು ಬಾಗಿಲ ಹೊರಗೆ ನಿಂತಿರು. ಅಲ್ಲಿಯವರೆಗೆ ಈ ಅಂಗಡಿಗೆ ಹೆಂಗಸರನ್ನು ಕರೆಯಲು ನನಗೆ ಮುಖವಿಲ್ಲ, ನಿನ್ನೆಯಷ್ಟೇ ಇಬ್ಬರನ್ನು ಹಾಗೇ ತಿರುಗಿಸಿ ಕಳಿಸಿದೆ.

ದೇವರು ನಿನಗೆ ಆರೋಗ್ಯ ಕೊಡಲಿ. ಬುದ್ಧಿ ನಾನು ಕೊಟ್ಟಿದ್ದೇನೆ ಎಂದುಕೊಂಡಿದ್ದೆ. ಸಿಟ್ಟಿನಲ್ಲಿ ಬರೆದರೂ ಹರಸದೆ ಪತ್ರ ಮುಗಿಸಲು ಕೈ ಬರುತ್ತಿಲ್ಲ, ಚೆನ್ನಾಗಿರು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅವ್ವ,
ಮಾಣಿಕಮ್ಮ

ಈ ಪತ್ರ ಒಯ್ಯುವ ಬಸ್ಸು ಹೊರಡುವ ಹೊತ್ತಾಯಿತು, ಒಂದು ಮಾತು ಉಳಿಯಿತು. ಲಕೋಟೆಯನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ, ಉಳಿದವರ ಚಿತ್ರಗಳು ಹಾಗೇ ಇವೆ. ಆಮಿನಾಳದು ಇದ್ದ ಜಾಗ ಖಾಲಿ ಬಿಡುವುದು ಬೇಡ ಎಂದು ಇನ್ನೊಂದು ಹಾಕಿದ್ದೇನೆ. ನಿನ್ನೆ ಅವಳು ಅತ್ತೆಯ ಜೊತೆ ಇಲ್ಲಿಗೆ ಬಂದಿದ್ದಳು, ನನ್ನ ಚಿತ್ರ ತೆಗೆ ಎಂದು ನಾನೇ ಕೇಳಿಕೊಂಡೆ, ಹೇಳಿಕೊಟ್ಟ ಹಾಗೆ ಅವಳೇ ತೆಗೆದಳು. ಅದೇ ಲೆನ್ಸು, ಅದೇ ಗೋಡೆ, ಮೂರನೇ ಗಂಟು. ನಿಮ್ಮಪ್ಪ ಹೋದಮೇಲೆ ನಾನು ಲೆನ್ಸಿನ ಮುಂದೆ ಕೂತದ್ದು ಇದೇ ಮೊದಲು. ಸೆರಗು ತಲೆಯ ಮೇಲಿಲ್ಲ, ಕೂದಲು ಬಿಚ್ಚಿದೆ. ಹಿಂದೆ ಏನೂ ಬರೆದಿಲ್ಲ, ಮೊದಲು ಬರೆಯಬೇಕಾದವನು ನೀನು. ದೂರ ಎಷ್ಟು, ಬಾಯಿ ಎಷ್ಟು, ಫೋಕಸ್ ಯಾವ ಕಣ್ಣಿನ ಮೇಲಿದೆ ನೋಡಿ ಬರಿ. ಹೆಂಗಸು ಯಾರೆಂದೂ ಬರಿ, ಅವರಾಗಿ ಕೇಳುವುದಿಲ್ಲ. ಬರೆದು ಆರು ಮಂದಿಗೂ ಕಳಿಸು.