ಟವೆಲ್ ಇಲ್ಲದ ಹರಾಜು

ತುಮಕೂರು, ಮಂಗಳವಾರ

ನಿಟ್ಟೂರಿನ ಸೋದರಮಾವನವರಿಗೆ ಅರುಣಾಳ ನಮಸ್ಕಾರ.

ದನದ ಸಂತೆಯಲ್ಲಿ ನೀವು ಟವೆಲ್ ಕೆಳಗೆ ಬೆರಳು ಹಿಡಿದು ದರ ಹೇಳುತ್ತೀರಲ್ಲ, ನಾನು ಸೇರಿರುವ ಜಾಹೀರಾತು ಕಂಪನಿಯಲ್ಲೂ ಅಂಥದ್ದೇ ವ್ಯಾಪಾರ. ಯಾರಾದರೂ ಫೋನ್ ತೆರೆದರೆ ಸಾಕು, ಅವರಿಗೆ ಯಾರ ಜಾಹೀರಾತು ತೋರಿಸಬೇಕೆಂದು ಕಂಪ್ಯೂಟರುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹರಾಜು ಮುಗಿಸುತ್ತವೆ. ಅವರು ಏನು ಹುಡುಕಿದ್ದರೋ ಅದರ ಮೇಲೆ ದರ.

ನಿನ್ನೆಯಿಂದ ನನ್ನ ಫೋನಿನ ತುಂಬ ಹಾರ್ಟ್ ಆಸ್ಪತ್ರೆಗಳ ಜಾಹೀರಾತೇ. ನನಗೆ ಎದೆನೋವಿಲ್ಲ. ನಿಮ್ಮ ಫೋನಿಗೂ ನನ್ನ ಅಕೌಂಟನ್ನೇ ಹಾಕಿಕೊಟ್ಟಿದ್ದೆ, ಮರೆತಿರಾ? ನೀವು ಅಲ್ಲಿ ಹುಡುಕಿದ್ದರ ಜಾಹೀರಾತು ಇಲ್ಲಿ ನನಗೂ ಬರುತ್ತದೆ. ಫೋನ್ ಮಾಡಿ ಕೇಳಿದರೆ "ನಂಗೇನಾಗೈತೆ ಬುಡವ್ವ" ಅಂದಿರಿ. ಇಲ್ಲಿ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಈ ವಾರ ಸಂತೆ ಬಿಟ್ಟು ಡಾಕ್ಟರಿಗೆ ತೋರಿಸಿ.

ಜಾಗ ಮುಗಿಯಿತು. ಬೇಕೆಂದೇ ಲಕೋಟೆ ಬಿಟ್ಟು ಅಂಚೆ ಕಾರ್ಡಿನಲ್ಲಿ ಬರೆದೆ: ಪೋಸ್ಟ್‌ಮ್ಯಾನ್ ಇದನ್ನು ಕೊಡುವುದು ಅತ್ತೆಯ ಕೈಗೆ, ಅತ್ತೆ ಓದದೆ ಬಿಡುವವರಲ್ಲ.

ಅರುಣಾ