ಟೋಲ್ ತಪ್ಪಿಸುವ ದಾರಿ

ಅಡುಗೆಮನೆಯ ಮೇಜಿನಿಂದ,
ಮಾರ್ಚ್ 9, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಯ್ಯ,

ಟೈರು ಪಂಕ್ಚರ್ ಆಗಿರಲಿಲ್ಲ. ಇದನ್ನು ಬರೆಯದೆ ಬಿಟ್ಟುಬಿಡೋಣ ಎಂದು ಬೆಳಗ್ಗೆಯಿಂದ ಮೂರು ಸಲ ತೀರ್ಮಾನಿಸಿದೆ. ಇದನ್ನು ಬಿಟ್ಟರೆ ಉಳಿದದ್ದನ್ನೂ ಬರೆಯಲಾಗುವುದಿಲ್ಲ ಎಂದು ಗೊತ್ತಾಗಿ ಮೊದಲ ಸಾಲಿನಲ್ಲೇ ಹಾಕಿಬಿಟ್ಟೆ. ನಿನ್ನೆ ಜೈಲಿನ ಬಾಗಿಲಲ್ಲಿ ಕಾವಲಿನವರಿಗೆ "ಪಂಕ್ಚರ್ ಆಯ್ತು, ಅದಕ್ಕೇ ತಡ ಆಯ್ತು ಅಂತ ನನ್ನ ತಮ್ಮನಿಗೆ ದಯವಿಟ್ಟು ತಿಳಿಸಿ" ಎಂದವಳು ನಾನೇ. ತಿಳಿಸಿದರೋ ಇಲ್ಲವೋ ಗೊತ್ತಿಲ್ಲ. ತಿಳಿಸಿದ್ದರೆ, ಅದು ಸುಳ್ಳು.

ಮೈ ಹೇಗಿದೆ? ಹೋದ ತಿಂಗಳು ಗಾಜಿನ ಆಚೆ ಕೂತಿದ್ದಾಗ ನಿನ್ನ ಎಡಗೆನ್ನೆ ಊದಿತ್ತು; ಹಲ್ಲಿನ ಡಾಕ್ಟರು ಬಂದು ನೋಡಿದರೇ? ಬಟ್ಟೆ ಒಗೆಯುವ ಕೆಲಸದಲ್ಲಿ ಬೆರಳ ಸಂದಿ ಸುಲಿಯುತ್ತದೆ ಎಂದಿದ್ದೆ, ಅದು ವಾಸಿಯಾಯಿತೇ? ಅಮ್ಮ ಚೆನ್ನಾಗಿದ್ದಾಳೆ. ಮೂರು ಮಹಡಿ ಹತ್ತುವಾಗ ಮಂಡಿಯನ್ನು ಬೈಯುತ್ತಾಳೆ, ಇಳಿಯುವಾಗ ನನ್ನನ್ನು ಬೈಯುತ್ತಾಳೆ. ಕನ್ನಡಕದ ಅಂಗಡಿಯಲ್ಲಿ ನನ್ನ ಕೆಲಸ ನಡೆಯುತ್ತಿದೆ. ಪ್ರತಿ ಸಲ ನಿನಗೆ ಬರೆದದ್ದನ್ನು ಅಮ್ಮನಿಗೆ ಓದಿ ಹೇಳುತ್ತೇನೆ, ಇದನ್ನು ಹೇಳುವುದಿಲ್ಲ. ನನ್ನ ಒತ್ತಕ್ಷರಗಳನ್ನು ನೋಡಿ ನಗಬೇಡ, ನೀನೂ ಅದೇ ಇಂಗ್ಲಿಷ್ ಶಾಲೆಯ ಸರಕು. ಇಂಗ್ಲಿಷಿನಲ್ಲಿ ನನಗೆ 'ವಿಷಾದಿಸುತ್ತೇವೆ' ಎನ್ನಲು ಬರುತ್ತದೆ, ತಪ್ಪು ಒಪ್ಪಿಕೊಳ್ಳಲು ಬರುವುದಿಲ್ಲ.

ನಿನ್ನನ್ನು ನೋಡಲು ನಾವು ಹೇಗೆ ಬರುತ್ತೇವೆ ಎಂದು ನಿನಗೆ ಪೂರ್ತಿ ಹೇಳಿಲ್ಲ. ನೀನು ಕುಡಿದು ಓಡಿಸಿ ಆ ಸೈಕಲ್ಲಿನವರ ಕಾಲು ಮುರಿದ ಕಾರನ್ನು ನಾನು ಗುಜರಿಗೆ ಕೊಟ್ಟ ಮೇಲೆ ನಮಗೆ ಬಾಡಿಗೆ ಕಾರೇ ಗತಿ; ಬಸ್ಸು ಹನ್ನೊಂದರಿಂದ ಹನ್ನೆರಡರ ಭೇಟಿಯ ಹೊತ್ತಿಗೆ ಮುಟ್ಟುವುದಿಲ್ಲ. ಬಾಡಿಗೆ ಅಂಗಡಿಯವನು ಮೊದಲ ದಿನವೇ ಮುಂದಿನ ಗಾಜಿಗೆ ಅಂಟಿಸಿದ್ದ ಬಿಳಿ ಡಬ್ಬಿ ತೋರಿಸಿ, "ಮೇಡಂ, ಇದು ಟೋಲಿಂದು. ಮುಚ್ಚಳ ತೆಗೆದು ಒಂದೇ ಒಂದು ಗೇಟು ದಾಟಿದ್ರೂ ಟೋಲ್ ಬೇರೆ, ಡಬ್ಬಿ ಬಾಡಿಗೆ ಬೇರೆ. ಕಾರು ಎಷ್ಟು ದಿನ ನಿಮ್ಮ ಹತ್ರ ಇರತ್ತೋ ಅಷ್ಟೂ ದಿನದ್ದು ಬೀಳತ್ತೆ. ಮುಚ್ಚೇ ಇದ್ರೆ ಏನೂ ಇಲ್ಲ" ಎಂದಿದ್ದ. ಶನಿವಾರ ಬೆಳಗ್ಗೆ ಹೊರಡಬೇಕೆಂದರೆ ಶುಕ್ರವಾರ ಸಂಜೆಯೇ ಕಾರು ತರಬೇಕು. ಭಾನುವಾರ ಅವರಿಗೆ ರಜೆ, ಹಿಂದಿರುಗಿಸುವುದು ಸೋಮವಾರ. ಅರ್ಧ ದಿನದ ಓಡಾಟಕ್ಕೆ ನಾಲ್ಕು ದಿನದ ಡಬ್ಬಿ ಬಾಡಿಗೆ! ಆ ಹೆದ್ದಾರಿಯಲ್ಲಿ ಕೈಗೆ ದುಡ್ಡು ತೆಗೆದುಕೊಳ್ಳುವವರೂ ಇಲ್ಲ. ಹಾಗಾಗಿ ಅಮ್ಮನೂ ನಾನೂ ಗೇಟು ತಪ್ಪಿಸುವ ದಾರಿ ಕಂಡುಹಿಡಿದೆವು. ಗೇಟಿಗೆ ಒಂದು ಕಿಲೋಮೀಟರ್ ಮೊದಲು ಎಡಕ್ಕೆ ಇಳಿದು, ಹೆಂಚಿನ ಕಾರ್ಖಾನೆಯ ಗೋಡೆ ಹಿಡಿದು, ರೈಲು ಸೇತುವೆಯ ಕೆಳಗೆ ನುಸುಳಿ, ಗೇಟಿನ ಆಚೆ ಮತ್ತೆ ಹೆದ್ದಾರಿ ಸೇರುವುದು. ಅಮ್ಮನಿಗೆ ಇದು ಆಟವಾಗಿಬಿಟ್ಟಿತ್ತು. "ಎಡಕ್ಕೆ, ಎಡಕ್ಕೆ! ಬಂತು ನೋಡೇ, ಬಾಯಿ ತೆರ್ಕೊಂಡು ನಿಂತಿದೆ" ಎಂದು ಸೀಟಿನ ತುದಿಗೆ ಬರುತ್ತಿದ್ದಳು. ಉಳಿದ ದುಡ್ಡು ನಿನ್ನ ಕ್ಯಾಂಟೀನ್ ಖಾತೆಗೆ ಹೋಗುತ್ತಿತ್ತು. "ಗೇಟಿನವರಿಗೆ ಯಾಕೆ? ನನ್ನ ಮಗ ಬಿಸ್ಕತ್ತು ತಿನ್ನಲಿ." ನೀನು ತಿಂದ ಬಿಸ್ಕತ್ತೆಲ್ಲ ಆ ಸೇತುವೆಯ ಕೆಳಗಿನಿಂದ ಬಂದದ್ದು.

ಈಗ ನಿನ್ನೆಯದು. ನನ್ನ ಕೈಚೀಲದಲ್ಲಿ ನಿನ್ನ ಇಪ್ಪತ್ತೊಂದು ದಿನದ ಬಿಡುಗಡೆಯ ಜಾಮೀನು ಫಾರಂ ಇತ್ತು. ಅಧಿಕಾರಿಯ ಎದುರಿಗೇ ನಾನು ಸಹಿ ಹಾಕಬೇಕು, ನೀನು ನಮ್ಮ ಮನೆಯಲ್ಲೇ ಇರುತ್ತೀಯ ಎಂದು, ಇಪ್ಪತ್ತೊಂದನೆಯ ದಿನ ಹಿಂದಿರುಗುತ್ತೀಯ ಎಂದು. ಹೋದ ವರ್ಷವೂ ಹಾಕಿದ್ದೆ. ಹಿಂದಿರುಗುವ ದಿನ ಬೆಳಗ್ಗೆ ನೀನು ಕ್ಷೌರಕ್ಕೆ ಎಂದು ಹೋದವನು ಮೂರು ದಿನ ನಾಪತ್ತೆ. ನಾನು ಅಂಗಡಿಯಲ್ಲಿ ಒಬ್ಬರು ಮುದುಕರ ಕಣ್ಣಿಗೆ ಲೆನ್ಸ್ ಬದಲಿಸಿ "ಈಗ ಕಾಣ್ತಾ ಇದೆಯಾ ತಾತಾ?" ಎನ್ನುತ್ತಿದ್ದಾಗ ಪೊಲೀಸರು ಒಳಗೆ ಬಂದರು. ತಾತ ಬಾಗಿಲ ಕಡೆ ನೋಡಿ, "ಈಗ ಚೆನ್ನಾಗಿ ಕಾಣ್ತಾ ಇದೆ ಕಣಮ್ಮ, ಇಬ್ಬರು ಪೊಲೀಸಿನವರು" ಎಂದರು. ಇವತ್ತು ಬರೆಯುವಾಗ ನಗು ಬರುತ್ತದೆ. ಅವತ್ತು ಠಾಣೆಯ ಬೆಂಚಿನ ಮೇಲೆ ಸಂಜೆಯವರೆಗೆ ಕೂತಾಗ ಬಂದಿರಲಿಲ್ಲ. ಯಾಕೆ ಹೋಗಿದ್ದೆ ಎಂದು ನೀನು ಇವತ್ತಿನವರೆಗೆ ಹೇಳಿಲ್ಲ, ನಾನೂ ಕೇಳಿಲ್ಲ.

ನಿನ್ನೆ ಎಡಕ್ಕೆ ಇಳಿಯುವ ಜಾಗದಲ್ಲಿ ಹಳದಿ ಫಲಕ ಇತ್ತು: ಮುಂದೆ ಕೆಲಸ ನಡೆಯುತ್ತಿದೆ, ದೊಡ್ಡ ವಾಹನಗಳು ನಿಧಾನ. ನಾನು ಓದಿದೆ. ಅಮ್ಮನೂ ಓದಿದಳು. ಸದಾ "ಎಡಕ್ಕೆ" ಎನ್ನುವವಳು, "ಇವತ್ತೊಂದು ದಿನ ಆ ಡಬ್ಬಿ ತೆಗೆದುಬಿಡೇ, ಹಾಳಾಗಿ ಹೋಗಲಿ. ಫಾರಂ ಇದೆ" ಎಂದಳು. "ಇನ್ನೂ ಟೈಮಿದೆ ಅಮ್ಮಾ, ಸುಮ್ನಿರು" ಎಂದು ನಾನು ಇಂಡಿಕೇಟರ್ ಹಾಕಿದೆ. ಇಷ್ಟೇ ನಡೆದದ್ದು. ಇದಕ್ಕಿಂತ ದೊಡ್ಡದೇನೂ ಇಲ್ಲ.

ಸೇತುವೆಯ ಕೆಳಗೆ ಎತ್ತರದ ಲಾರಿಯೊಂದು ತಲೆ ಸಿಕ್ಕಿಸಿಕೊಂಡು ನಿಂತಿತ್ತು. ನಾನು ಬ್ರೇಕ್ ಹಾಕುವಷ್ಟರಲ್ಲಿ ಹಿಂದೆ ಮರಳಿನ ಲಾರಿ ಬಂತು, ಅದರ ಹಿಂದೆ ಇನ್ನೊಂದು. ಎಡಕ್ಕೆ ಕಾರ್ಖಾನೆಯ ಗೋಡೆ, ಬಲಕ್ಕೆ ಎದುರಿನಿಂದ ನುಗ್ಗಿದವರ ಸಾಲು. ಬಾಗಿಲು ನಾಲ್ಕು ಬೆರಳು ತೆರೆಯುತ್ತಿತ್ತು, ಅಷ್ಟೆ. ಮೇಲೆ ಏರಿಯ ಮೇಲೆ ಹೆದ್ದಾರಿ ಕಾಣುತ್ತಿತ್ತು. ದುಡ್ಡು ಕೊಟ್ಟವರೆಲ್ಲ ಸುಯ್ಯೆಂದು ಹೋಗುತ್ತಿದ್ದರು. ಲಾರಿಯವನು ಇಳಿದು ಟೈರಿನ ಗಾಳಿ ಬಿಡಲು ಹೊರಟ, ಅದಕ್ಕೆ ಹತ್ತು ಜನ ಹತ್ತು ಬುದ್ಧಿ ಹೇಳಿದರು. ಅಮ್ಮ ಮೊದಲು ಅವನನ್ನು ಬೈದಳು, ಆಮೇಲೆ ಸೇತುವೆ ಕಟ್ಟಿದವರನ್ನು, ಆಮೇಲೆ ಗಡಿಯಾರ ನೋಡತೊಡಗಿದಳು. ಹನ್ನೊಂದಾಯಿತು. ಅಲ್ಲಿ ನಿನ್ನನ್ನು ಕರೆಸಿ ಗಾಜಿನ ಮುಂದೆ ಕೂರಿಸಿರುತ್ತಾರೆ ಎಂದು ನನಗೆ ಗೊತ್ತಿತ್ತು. ಹನ್ನೊಂದೂವರೆಗೆ ಅಮ್ಮನಿಗೆ ಬಾತ್ರೂಮಿಗೆ ಹೋಗಬೇಕಾಯಿತು. ಹೋಗುವುದೆಲ್ಲಿ? ಕೊನೆಗೆ ನನ್ನ ಶಾಲನ್ನು ಸೀಟಿನ ಮೇಲೆ ಹಾಸಿಕೊಟ್ಟು ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಆ ಗೋಡೆಯ ಒಂದೊಂದು ಇಟ್ಟಿಗೆಯನ್ನೂ ಈಗಲೂ ಬಿಡಿಸಿ ತೋರಿಸಬಲ್ಲೆ.

ಹನ್ನೆರಡಕ್ಕೆ ಐದು ನಿಮಿಷ ಇದ್ದಾಗ ನನ್ನ ಹೆಗಲು ತಾನಾಗಿ ಸಡಿಲವಾಯಿತು. ಇನ್ನು ಮುಟ್ಟಲು ಸಾಧ್ಯವೇ ಇಲ್ಲ, ಸಹಿ ಹಾಕುವ ಪ್ರಶ್ನೆಯೂ ಇಲ್ಲ. ಉಸಿರು ಬಿಟ್ಟೆ. ಅಮ್ಮ ನನ್ನ ಕಡೆ ತಿರುಗಿ, ಕೋಪವಿಲ್ಲದೆ, "ಈಗ ನಿರಾಳ ಆಯ್ತಲ್ವಾ ನಿನಗೆ?" ಎಂದಳು. ಒಂದು ಗಂಟೆಗೆ ನಿನ್ನ ಬಾಗಿಲು ಮುಟ್ಟಿದೆವು. ಅಮ್ಮ ಕಾರಿನಿಂದ ಇಳಿಯಲೊಪ್ಪಲಿಲ್ಲ, ಸೀರೆ ಹಾಗಿತ್ತು. "ಪಂಕ್ಚರ್ ಅಂತ ಹೇಳು" ಎಂದು ಕಲಿಸಿಕೊಟ್ಟವಳು ಅವಳೇ. ನನ್ನ ಮಾನ ಉಳಿಸಲೋ, ನಿನ್ನ ಮನಸ್ಸು ಉಳಿಸಲೋ ಕೇಳಲಿಲ್ಲ.

ನಾನು ಬೇಕೆಂದೇ ಎಡಕ್ಕೆ ಇಳಿದೆನೇ? ಇಲ್ಲ ಎನ್ನಲು ಧೈರ್ಯವಿಲ್ಲ. ಹೌದು ಎಂದರೂ ಪೂರ್ತಿ ನಿಜವಲ್ಲ. ದುಡ್ಡು ಉಳಿಸುವ ಅಭ್ಯಾಸ ಕೈಗೆ ಅಂಟಿದೆ, ಕೈ ತಾನೇ ತಿರುಗಿಸುತ್ತದೆ. ಆದರೆ ಫಲಕ ಓದಿದ ಕಣ್ಣು ನನ್ನದೇ. ಸಹಿ ಹಾಕಿದರೆ ಇಪ್ಪತ್ತೊಂದು ದಿನ ನೀನು ಚಪ್ಪಲಿ ಮೆಟ್ಟಿದಾಗಲೆಲ್ಲ ನನ್ನ ಎದೆ ಹಾರುತ್ತದೆ. ಹಾಕದಿದ್ದರೆ ನಿನ್ನ ಶಿಕ್ಷೆ ಮುಗಿಯುವ ತನಕ, ಇನ್ನೂ ಎರಡು ವರ್ಷ, ಅಮ್ಮನ ಎದುರಿಗೆ ಊಟಕ್ಕೆ ಕೂರಬೇಕು. ಎರಡರಲ್ಲಿ ಯಾವುದರಿಂದಲೂ ಇಳಿದು ಹೋಗುವ ದಾರಿ ನನಗೆ ಕಾಣುತ್ತಿಲ್ಲ.

ಕಾರು ಈಗಲೂ ಕೆಳಗೆ ನಿಂತಿದೆ. ಸೀಟು ಎರಡು ಸಲ ತೊಳೆದೆ, ನಾಳೆ ಕೊಟ್ಟುಬರಬೇಕು. ಅಮ್ಮ ಒಳಗೆ ಮಲಗಿದ್ದಾಳೆ. ಎದ್ದಿದ್ದರೆ "ಚೆನ್ನಾಗಿರಪ್ಪ ಚಿಕ್ಕೂ, ಹೊಟ್ಟೆ ತುಂಬ ತಿನ್ನು" ಎಂದು ಬರೆಸುತ್ತಿದ್ದಳು, ಅವಳ ಪರವಾಗಿ ನಾನೇ ಬರೆದಿದ್ದೇನೆ. ಹಲ್ಲಿನ ವಿಷಯ ಅಸಡ್ಡೆ ಮಾಡಬೇಡ. ನಿನಗೆ ಒಳ್ಳೆಯದಾಗಲಿ ಎಂದು ಹಾರೈಸುವಾಗ ನನಗೂ ಸ್ವಲ್ಪ ಆಗಲಿ ಎಂದು ಸೇರಿಸಿಕೊಳ್ಳುತ್ತಿದ್ದೇನೆ.

ನಿನ್ನ
ಅಕ್ಕ

ಸಹಿ ಮಾಡಿದ ಮೇಲೆ, ಅವಸರದಲ್ಲಿ: ಕಾವಲಿನವರು ನಿನ್ನೆ ಹೇಳಿದ್ದನ್ನು ಬರೆಯದೆ ಲಕೋಟೆ ಅಂಟಿಸಲು ಹೊರಟಿದ್ದೆ. ಭೇಟಿ ತಪ್ಪಿದರೂ ಫಾರಂ ತಪ್ಪಿಲ್ಲವಂತೆ. ಹದಿನೈದರೊಳಗೆ ಯಾವ ಕೆಲಸದ ದಿನ ಬಂದರೂ ಕಚೇರಿಯಲ್ಲಿ ಸಹಿ ತೆಗೆದುಕೊಳ್ಳುತ್ತಾರೆ. ಅಮ್ಮನಿಗೂ ಹೇಳಿಲ್ಲ. ಈಗಷ್ಟೇ ನಮ್ಮ ಕನ್ನಡಕದ ಅಂಗಡಿ ಯಜಮಾನರಿಗೆ ಫೋನ್ ಮಾಡಿ ಶುಕ್ರವಾರ ರಜೆ ಕೇಳಿದೆ, ಗೊಣಗಿ ಕೊಟ್ಟರು. ಒಬ್ಬಳೇ ಬರುತ್ತೇನೆ, ಗೇಟು ದಾಟಿ ನೇರ ದಾರಿಯಲ್ಲಿ. ನಿನ್ನನ್ನು ನೋಡಲು ಬಿಡುವುದಿಲ್ಲ, ಸಹಿ ಹಾಕಿ ಹಿಂದಿರುಗುತ್ತೇನೆ. ನಿನ್ನನ್ನು ನಂಬಿದ್ದೇನೆ ಎಂದು ಬರೆಯಲಾರೆ, ಹೆದರಿಕೊಂಡೇ ಹಾಕುತ್ತಿದ್ದೇನೆ. ಮನೆಗೆ ಬಂದ ಮೊದಲ ದಿನವೇ ಆ ಮೂರು ದಿನ ಎಲ್ಲಿದ್ದೆ ಎಂದು ಕೇಳುತ್ತೇನೆ, ಹೇಳಬೇಕು. ಈ ಪತ್ರವನ್ನು ಸಹಿ ಆದ ಮೇಲೆಯೇ ಜೈಲಿನ ಎದುರಿನ ಅಂಚೆಪೆಟ್ಟಿಗೆಗೆ ಹಾಕುತ್ತೇನೆ, ಅದಕ್ಕೆ ಮೊದಲಲ್ಲ. ಹಾಗಾಗಿ ಇದು ನಿನ್ನ ಕೈಗೆ ಬಂದಿದ್ದರೆ ಸಹಿ ಆಗಿದೆ ಎಂದು ತಿಳಿದುಕೋ. ಹಾಕುವ ದಿನ ಮಾರ್ಚ್ 14, ಶುಕ್ರವಾರ.